ಎಮ್ಮೆ ಹಿಂಡಿದ ಕೈ

ಗುರುಗುಂಟಾ,
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಗಿರಿಯಮ್ಮಾ,

ಹೇಗಿದ್ದೀ? ಮಗಳು ಅನುಪಮಾ, ಕೂಸು ಆರಾಮವೇ? ಬಾಣಂತನಕ್ಕೆಂದು ನೀ ಸಿಂಧನೂರಿಗೆ ಹೋಗಿ ತಿಂಗಳಾಯಿತು. ಇಷ್ಟೆಲ್ಲ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಕಾಗದ.

ನಿನ್ನ ಎಮ್ಮೆ ನಿನ್ನಷ್ಟೇ ಹಟಮಾರಿ, ನಮ್ಮವ್ವಾ! ಮೊದಲ ದಿನ ನನ್ನನ್ನು ಒದ್ದಿತೇ ಹೊರತು ಹನಿ ಹಾಲು ಬಿಡಲಿಲ್ಲ. ಕೊನೆಗೆ ನಿನ್ನ ಹಸಿರು ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು ಕುಂತೆ. ಮೂಸಿ ನೋಡಿ, ನೀನೇ ಅಂದುಕೊಂಡು ಹಾಲು ಬಿಟ್ಟಿತು. ಎದುರುಮನೆ ಗದ್ದೆಮ್ಮ ಬಿದ್ದು ಬಿದ್ದು ನಕ್ಕಳು: "ಮಾನಪ್ಪಣ್ಣ, ಕುಂಕುಮ ಒಂದು ಕಮ್ಮಿ ಆಗೇತಿ ನೋಡು!" ನಗಲಿ ಬಿಡು. ಆ ಸೆರಗಿನಲ್ಲಿ ನಿನ್ನ ವಾಸನೆಯಿತ್ತು. ಮದುವೆಯಾದ ಹೊಸತರಲ್ಲಿ ನಾನು ಹಾಸಿಗೆಯಲ್ಲೇ ಬಿದ್ದುಕೊಂಡು ನೀ ಹಿಂಡುವ ಸದ್ದು ಕೇಳುತ್ತಿದ್ದೆ. ಮೊದಲು ಖಾಲಿ ಪಾತ್ರೆಗೆ ಚರ್ ಚರ್, ಆಮೇಲೆ ನೊರೆಯೊಳಗೆ ಮೆತ್ತಗೆ. ಕೇಳುತ್ತ ಕೇಳುತ್ತ ಮತ್ತೆ ನಿದ್ದೆ ಹತ್ತುತ್ತಿತ್ತು. ಎಂಥ ಸುಖದ ದಿನಗಳವು!

ಎರಡೇ ವಾರಕ್ಕೆ ನನ್ನ ಮೊಣಕೈ ಒಳಮಗ್ಗುಲಿನ ಎಲುಬಿನ ಹತ್ತಿರ ನೋವು ಶುರುವಾಯಿತು. ಮುಷ್ಟಿ ಹಿಡಿದರೆ ಮಣಿಕಟ್ಟಿನವರೆಗೂ ಜಗ್ಗುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ, ಚಹಾದ ಲೋಟ ಕೂಡ ಕೈಯಲ್ಲಿ ನಿಲ್ಲದು. ನಿನ್ನೆ ಲಿಂಗಸುಗೂರಿನ ಡಾಕ್ಟರು ಅಲ್ಲೇ ಒತ್ತಿದರು ನೋಡು, ಜೀವ ಹೋದಂತಾಯಿತು. "ಬಿಗಿಹಿಡಿದು ಹಿಂಡೋದು, ಮಣಿಕಟ್ಟು ಬಗ್ಗಿಸೋದು ದಿನಾ ನಡೆದ್ರ ಅಲ್ಲಿನ ಸ್ನಾಯು ಸವೀತೈತ್ರೀ. ಎಷ್ಟು ವರ್ಷದಿಂದ ಹಿಂಡಾಕತ್ತೀರಿ?" ಅಂದರು. ಒಂದು ತಿಂಗಳು ಅನ್ನಲು ನಾಚಿಕೆಯಾಯಿತು. ನೀ ಇಪ್ಪತ್ತಾರು ವರ್ಷ ಹಿಂಡಿದ್ದೀ. "ಮೊಣಕೈ ಒಳಗ ಸೂಜಿ ಚುಚ್ಚಿದಂಗ ಆಗತೈತ್ರೀ" ಎಂದು ನೀ ಅಂದಾಗಲೆಲ್ಲ, "ಹಾಲು ಹಿಂಡಾಕ ಏನ್ ಬಲ ಬೇಕಲೇ?" ಅಂದವನು ನಾನು.

ಕೈಗೆ ವಿಶ್ರಾಂತಿ ಹೇಳಿದ್ದಾರೆ. ಸದ್ಯ ಗದ್ದೆಮ್ಮನೇ ನಿನ್ನ ಸೀರೆ ಉಟ್ಟು ಹಿಂಡುತ್ತಾಳೆ. ನೀ ಅಲ್ಲಿ ಕೂಸಿನ ಬಟ್ಟೆ ಹಿಂಡಬೇಡ, ಅಳಿಯ ಹಿಂಡಲಿ. ಕಾಗದ ಮುಟ್ಟಿದ ಮರುದಿನವೇ ಡಾಕ್ಟರಿಗೆ ಕೈ ತೋರಿಸು. ಅನುಪಮಾಗೆ, ಕೂಸಿಗೆ ನನ್ನ ಆಶೀರ್ವಾದ. ಬೀಗರಿಗೆ ಶರಣು ಹೇಳು.

ನಿನ್ನ
ಮಾನಪ್ಪ

ತಾ.ಕ.: ಅನುಪಮಾಳನ್ನು ನೋಡಲು ಬೀಗರು ಬಂದ ದಿನ ಹಾಲಿನ ಪಾತ್ರೆ ನಿನ್ನ ಕೈ ಜಾರಿ ಬಿತ್ತಲ್ಲ, ಎಲ್ಲರ ಮುಂದೆ ನಾನು "ತಿನ್ನಾಕ ಅಷ್ಟ ಬಲ ಐತಿ ಇಕೀಗೆ" ಅಂದುಬಿಟ್ಟೆ. ಬೀಗತಿ ಇವತ್ತಿಗೂ ಅದನ್ನೇ ಆಡಿ ತೋರಿಸುತ್ತಾರಂತೆ, ಅನುಪಮಾ ಹೇಳಿದಳು. ಅವರು ಹಾಗೆ ಆಡುವುದನ್ನು ನೀ ಒಂದು ದಿನವೂ ಹೇಳಲಿಲ್ಲವಲ್ಲೇ! ಇಲ್ಲಿಂದ ಮುಂದಿನದನ್ನು ಜೋರಾಗಿ ಓದು, ಬೀಗರೂ ಕೇಳಲಿ: ಅವತ್ತು ಗಿರಿಯಮ್ಮನ ಕೈ ನೋಯುತ್ತಿತ್ತು. ಬೆಳಿಗ್ಗೆಯೇ ನನಗೆ ಹೇಳಿದ್ದಳು. ತಪ್ಪು ಮಾನಪ್ಪನದು.