ಮೆಲುಗಾಳಿಯಲ್ಲಿ ನಿಲ್ಲುವ ವಿದ್ಯೆ

ಕಡಬ
20-4-1986, ಭಾನುವಾರ

ನೀರಿನ ಮೇಲೆ ನಡೆಯಹೊರಟ ನನ್ನ ಯಜಮಾನರಾದ ಐಸಕ್ ಅವರಿಗೆ, ಅಲ್ಫೋನ್ಸಾಳ ನಮಸ್ಕಾರಗಳು.

ಸೊಂಟ ಹೇಗುಂಟು? ಮೊಣಕಾಲಿಗೆ ಹೊಸ ಚರ್ಮ ಬಂತೇ? ಮೂಗಿಗೆ ಹೋದ ಕುಮಾರಧಾರೆಯ ನೀರು ಬಹರೈನಿನಲ್ಲಾದರೂ ಇಳಿಯಿತೇ? ಇಲ್ಲಿ ಎಲ್ಲರೂ ಕ್ಷೇಮ. ಮಗಳಿಗೆ ಎರಡು ಹಲ್ಲು ಬಂದಿದೆ, ಕಚ್ಚುತ್ತಾಳೆ.

ಕಾಗದ ಮೊನ್ನೆ ತಲುಪಿತು. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ತೇಲುವ ಆ ವಿಂಡ್‌ಸರ್ಫಿಂಗಿನ ಪರೀಕ್ಷೆ ಮೇ ಹತ್ತಕ್ಕೆ. ಪಾಸಾದರೆ ಹೋಟೆಲಿನ ಕಡಲತೀರದಲ್ಲಿ ದೊರೆಗಳಿಗೆ ಕಲಿಸುವ ಮಾಸ್ತರು, ಫೇಲಾದರೆ ಊರಿನ ಟಿಕೆಟ್ ಎಂದು ಬರೆದಿದ್ದೀರಿ. ಜೋರು ಗಾಳಿಯಲ್ಲಿ ಹೇಗೋ ಹೋಗುತ್ತೇನೆ, ಮೆಲುಗಾಳಿಯಲ್ಲೇ ಬೀಳುತ್ತೇನೆ, ದಡದಲ್ಲಿ ಕೂತು ನೋಡಿದವಳು ನೀನು, ತಪ್ಪೆಲ್ಲಿ ಎಂದು ಕೂಡಲೇ ಬರೆ ಎಂದೂ ಕೇಳಿದ್ದೀರಿ. ಜನವರಿಯ ರಜೆಯಲ್ಲಿ ದೋಣಿ ಕಡವಿನ ಹತ್ತು ಜನರ ಮುಂದೆ ಇದೇ ಬಾಯಿ, "ನೀನು ನೋಡ್ತಾ ಕೂತದ್ದಕ್ಕೇ ನಾನು ಬೀಳುದು, ಮನೆಗೆ ಹೋಗಿ ಸಾಯಿ" ಎಂದಿತ್ತು. ಇರಲಿ, ಅಪ್ಪಣೆಯಂತೆ ಬರೆಯುತ್ತೇನೆ.

ಹೋಟೆಲಿನವರು ಬಿಸಾಡಿದ ಹಲಗೆ ಬೊಂಬಾಯಿಯಿಂದ ಲಾರಿಯಲ್ಲಿ ಬಂದ ದಿನದ ವೈಭವ ಮರೆಯುವುದುಂಟೇ? ಕಾಲು ಜಾರುತ್ತದೆ ಎಂದಿರಿ. ದೇವರು ರಬ್ಬರಲ್ಲದೆ ಬೇರೇನಾದರೂ ಸೃಷ್ಟಿಸಿದ್ದಾನೆಂದು ಒಪ್ಪದ ನಿಮ್ಮ ಅಪ್ಪ ಹಲಗೆಗೆ ಅರ್ಧ ಬಕೆಟ್ ರಬ್ಬರ್ ಹಾಲು ಹುಯ್ದು, ಹೆಪ್ಪುಗಟ್ಟಲೆಂದು ಆಸಿಡ್ ಚಿಮುಕಿಸಿ, "ಇನ್ನು ಜಾರಿದ್ರೆ ನನ್ನ ಹೆಸರು ಪೌಲೋಸ್ ಅಲ್ಲ" ಎಂದರು. ಅವರ ಹೆಸರು ಉಳಿಯಿತು. ಹಾಲು ಒಣಗುವ ಮೊದಲೇ ಹತ್ತಿ ನಿಂತಿರಿ. ಗಾಳಿ ತಿರುಗಿತು, ಹಾಯಿ ತಿರುಗಿತು, ನೀವೂ ಸೊಂಟದವರೆಗೆ ತಿರುಗಿದಿರಿ; ಪಾದಗಳು ಮಾತ್ರ ಬರಲೊಪ್ಪಲಿಲ್ಲ. ಹಲಗೆಸಮೇತ ಮಗುಚಿದ ನಿಮ್ಮನ್ನು ಎತ್ತುತ್ತಾ ದೋಣಿಯ ಬೋಜ, "ಎಂತ ಮಾರಾಯ್ರೆ, ಇವರನ್ನು ರಬ್ಬರ್ ಶೀಟಿನೊಟ್ಟಿಗೇ ಒಣಗಿಸುದಾ, ಬೇರೆಯಾ?" ಎಂದಾಗ ಮೊದಲು ನಕ್ಕವಳು ನಾನೇ.

ಈಗ ತಪ್ಪು ಕೇಳಿ. ನೀರಿಗೆ ಬಿದ್ದ ಹಾಯಿಯನ್ನು ಎತ್ತುವ ಹಗ್ಗವನ್ನು ನೀವು ಬಾವಿಯಿಂದ ಕೊಡ ಸೇದಿದಂತೆ ಬೆನ್ನು ಬಗ್ಗಿಸಿ ಎಳೆಯುತ್ತೀರಿ. ಆಮೇಲೆ ಹಾಯಿಗೆ ಜೋತುಬೀಳುತ್ತೀರಿ. ಮೆಲುಗಾಳಿಗೆ ನಿಮ್ಮನ್ನು ಹೊರುವ ತ್ರಾಣವೆಲ್ಲಿ? ಮಂಡಿ ಸಡಿಲ ಬಿಟ್ಟು, ನೆಟ್ಟಗೆ, ಹಾಯಿಯ ಕಂಬದ ಹತ್ತಿರವೇ ನಿಲ್ಲಬೇಕು. ಹಾಯಿ ಸುತ್ತಿಸುವಾಗ ಕಂಬದ ಸುತ್ತ ಸಣ್ಣ ಸಣ್ಣ ಹೆಜ್ಜೆ, ಕಣ್ಣು ದೂರದಲ್ಲಿ. ನೀವೋ, ಯಾರೆಲ್ಲ ನಿಮ್ಮನ್ನು ನೋಡುತ್ತಿದ್ದಾರೆಂದು ದಡವನ್ನೇ ನೋಡುತ್ತೀರಿ.

ನನಗೆ ಹೇಗೆ ಗೊತ್ತೆಂದೇ? ನೀವು ಹೋದ ಮೇಲೆ ಆ ಹಲಗೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಂದು ದಿನ ಹತ್ತಿ ನಿಂತೆ. ಈಗ ನಿಂತಲ್ಲೇ ಹಲಗೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸುತ್ತೇನೆ. ಹಾಯಿಗೆ ಬೆನ್ನು ಕೊಟ್ಟು ಹಿಂದುಮುಂದಾಗಿಯೂ ಹೋಗುತ್ತೇನೆ. ಸೆರಗು ಒದ್ದೆಯಾಗುವುದಿಲ್ಲ. ಬೋಜನ ತೀರ್ಪು: "ಅಕ್ಕಾ, ಗಲ್ಫಿಗೆ ನೀವು ಹೋಗ್ಬೇಕಿತ್ತು, ಬಟ್ಟೆ ಅವರು ಒಗೀಬೇಕಿತ್ತು."

ಹೇಳಿದಷ್ಟು ಮಾಡಿದರೆ ಪಾಸಾಗುವುದು ಖಂಡಿತ. ಕಾಗದ ಹತ್ತು ದಿನದಲ್ಲಿ ತಲುಪುತ್ತದೆ. ಅಭ್ಯಾಸಕ್ಕೆ ಇನ್ನೂ ಹತ್ತು ದಿನ ಸಿಗುತ್ತದೆ.

ಅಪ್ಪನ ಆಶೀರ್ವಾದ ಉಂಟು. ಮಗಳ ಆಶೀರ್ವಾದ ಈ ಹಾಳೆಯ ಮೂಲೆಯಲ್ಲಿ ಒದ್ದೆಯಾಗಿದೆ.

ಇಂತಿ ನಿಮ್ಮ,
ಅಲ್ಫೋನ್ಸಾ

ತಾ.ಕ.: ಅವಸರದಲ್ಲಿದ್ದೇನೆ, ಅಂಚೆ ಚೀಲ ಕಟ್ಟುವ ಹೊತ್ತಾಯಿತು. ಇಂದು ಮೇ ಹನ್ನೆರಡು. ಪಾಸಾದರೆ ಮೂರು ವರ್ಷ ರಜೆಯಿಲ್ಲವೆಂದು ಒಪ್ಪಿ ನೀವು ರುಜು ಹಾಕಿದ್ದನ್ನು, ನಿಮ್ಮ ಜೊತೆ ಕೆಲಸ ಮಾಡುವ ಏಲಿಯಾಸನ ಹೆಂಡತಿ, ನಾನು ಈ ಕಾಗದ ಬರೆದ ಮರುದಿನ, ಬಂದು ಹೇಳಿದಳು. ಹಾಗಾಗಿ ಇದು ಇಷ್ಟು ದಿನ ಬೈಬಲಿನೊಳಗೆ ಇತ್ತು. ಟಿಕೆಟ್ ಕೈಗೆ ಬಂದಿರಬೇಕಲ್ಲ? ನಿಮ್ಮ ಅಪ್ಪ ನಿಮಗೆಂದು ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಕತ್ತಿ ಮಸೆದಿಟ್ಟಿದ್ದಾರೆ. ಹೆದರಬೇಡಿ, ರಬ್ಬರ್ ಮರ ಅಲ್ಲಾಡುವುದಿಲ್ಲ.