ಎರಡನೆಯ ಎಡೆ

ಕಳಂಬೋಲಿ,
೧೭ ಫೆಬ್ರುವರಿ ೨೦೨೬, ಅಮಾವಾಸ್ಯೆ

ಐಶ್ವರ್ಯಾಳ ಅಪ್ಪಾಜಿಗೆ,

ಪ್ರೀತಿಯ ನಮಸ್ಕಾರಗಳು. ರಾಯಪುರದಲ್ಲಿ ಆರೋಗ್ಯವಾಗಿದ್ದೀರಷ್ಟೇ? ಗೋದಾಮಿನ ಧೂಳಿಗೆ ಕೆಮ್ಮು ಹೆಚ್ಚಿಸಿಕೊಳ್ಳಬೇಡಿ. ಪತ್ರ ಕಂಡು ನಗುತ್ತೀರಿ, ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಅವ್ವ ನನ್ನ ಪಕ್ಕದಲ್ಲೇ ಕುಳಿತಿರುತ್ತಾರೆ.

ಮಾವ ತೀರಿಕೊಂಡಾಗಿನಿಂದ ಅತ್ತೆ ಸಂಜೆಯಾದರೆ ಬಾಗಿಲು ತೆರೆದು, ಅವರಿಗೆಂದು ಚಹಾ ಹಿಡಿದು ನಿಲ್ಲುವುದು ನಿಮಗೆ ಗೊತ್ತೇ ಇದೆ. ಈಗ ಮಾತೂ ಶುರುವಾಗಿದೆ. ಬೀದಿಯಲ್ಲಿ ಕಬ್ಬಿಣ ಹೊತ್ತು ಸಾಗುವ ಟ್ರೇಲರ್ ಲಾರಿಗಳ ಗದ್ದಲದ ನಡುವೆ ಮಾವನ ದನಿ ಕೇಳುತ್ತದಂತೆ. "ಬಾ ಅಂತಾರವಾ, ಎಷ್ಟ ದಿನಾ ಕಾಯ್ಸಲಿ?" ಎನ್ನುತ್ತಾರೆ. ಕತ್ತಲಾದ ಮೇಲೆ ಆ ಬಾಗಿಲ ಕಡೆ ನೋಡಲು ನನಗೂ ಭಯವಾಗುತ್ತದೆ.

ನಿಮ್ಮ ತಮ್ಮ ರವಿಕಿರಣ್ ಅತ್ತೆಯನ್ನು ವಾಶಿಯ ಮನೋವೈದ್ಯರ ಬಳಿ ಕರೆದೊಯ್ದರು, ನಾನೂ ಹೋಗಿದ್ದೆ. ಡಾಕ್ಟರಮ್ಮ ಒಳ್ಳೆಯವರು, ಆದರೆ ಕನ್ನಡ ಬಾರದು. ಅತ್ತೆ ಒಂದನ್ನೂ ಮುಚ್ಚಿಡಲಿಲ್ಲ. ಆ ದನಿಯನ್ನೂ ಹೇಳಿದರು, ಹೋಗಿಬಿಡಬೇಕು ಅನ್ನಿಸುವುದನ್ನೂ ಹೇಳಿದರು. ರವಿಕಿರಣ್ ಮರಾಠಿಯಲ್ಲಿ, ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿ ಮುಗಿಸಿದರು. ಹೊರಗೆ ಬಂದು ನನಗೆ, "ಸುಮ್ನಿರ್ರಿ ವೈನಿ, ನಮ್ಮ ಐಶ್ವರ್ಯಾನ ಲಗ್ನ ಅದ. ನಮ್ಮ ಮಂದಿಗೆ ತಿಳದ್ರ ಮುಗೀತು" ಎಂದರು. ಅತ್ತೆ ಮಾತ್ರ ದಾರಿಯುದ್ದಕ್ಕೂ, "ಛಲೋ ಡಾಕ್ಟರ್, ಆಕಿಗೆ ಎಲ್ಲಾ ತಿಳೀತು" ಎನ್ನುತ್ತಿದ್ದರು. ಡಾಕ್ಟರು ಕೊಟ್ಟ ನಿದ್ದೆಯ ಮಾತ್ರೆಗಳನ್ನು ನಾನೇ ಬೀಗ ಹಾಕಿ ಇಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಶಿವ ನಿಮ್ಮನ್ನು ಕಾಯಲಿ.

ನಿಮ್ಮ
ಪದ್ಮಾವತಿ

ತಾ.ಕ.: ನಮ್ಮ ಅಂಗಡಿಯ ಜಯೇಶ್ ಇವತ್ತೇ ರಾಯಪುರದ ರೈಲು ಹತ್ತುತ್ತಾನಂತೆ, ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಅಮಾವಾಸ್ಯೆಯಲ್ಲವೇ, ಅತ್ತೆ ಮಾವನ ಫೋಟೋದ ಮುಂದೆ ಎಡೆ ಇಟ್ಟರು. ನೋಡಿದರೆ ಎರಡು ಎಡೆ. ಇನ್ನೊಂದು ಯಾರಿಗೆ ಎಂದೆ. "ನನಗವಾ" ಎಂದು ಆ ಎಡೆಯ ಹೋಳಿಗೆಗೂ ತುಪ್ಪ ಹಾಕಿದರು. ಅವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುತ್ತಿಲ್ಲ. ನನ್ನ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟೇ; ಅದಕ್ಕೇ ನಾಳೆ ಐಶ್ವರ್ಯಾಳನ್ನು ಕರೆದುಕೊಂಡು ಮತ್ತೆ ಅದೇ ಡಾಕ್ಟರ ಬಳಿ ಹೋಗುತ್ತೇನೆ. ಅಜ್ಜಿ ಹೇಳಿದ್ದನ್ನು ಒಂದೂ ಬಿಡದೆ ಅವಳೇ ಮರಾಠಿಯಲ್ಲಿ ಹೇಳಲಿ. ಲಗ್ನ ನಿಂತರೆ ನಿಲ್ಲಲಿ. ನೀವು ಸಿಕ್ಕ ರೈಲು ಹತ್ತಿ ಬನ್ನಿ. ಬಂದು ಬಾಗಿಲಲ್ಲಿ ನಿಂತು "ಅವ್ವಾ" ಎಂದು ಕರೆಯಿರಿ. ಅಲ್ಲಿ ಅವರಿಗೆ ಸತ್ತವರ ದನಿಯೊಂದೇ ಕೇಳಬಾರದು.