ಸಂಡೂರಿನ ದಾರಿಯಲ್ಲಿ ನಿಲ್ಲುವ ಕಾರು

೧೮ ಜನವರಿ ೨೦೦೭, ಗುರುವಾರ, ಹೊಸಪೇಟೆ

ಸಿಟ್ಟಿಗೆ ನಿದ್ದೆ ಹತ್ತುತ್ತಿಲ್ಲ. ಮೂರು ತಿಂಗಳಿಂದ ನಾನು ಸಂಡೂರಿನ ಶಾಲೆಗೆ ಹೋಗುವಾಗಲೆಲ್ಲ ನಮ್ಮ ಹಳೆಯ ಕಾರು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಹಿಂದೆ ಅದಿರು ಲಾರಿಗಳ ಹಾರ್ನ್, ಬೈಗುಳ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದಂತೆ ಚಾಲೂ ಆಗುತ್ತಿತ್ತು. ಮೆಕ್ಯಾನಿಕ್ ಪಾಲಯ್ಯನ ಶೆಡ್ಡಿನಲ್ಲಿ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ.

"ಗಾಡಿ ಮಸ್ತ್ ಐತ್ರಿ ಟೀಚರ್, ನಿಮಗ ಕ್ಲಚ್ ಬಿಡಾಕ ಬರವಲ್ದು" ಎಂದಿದ್ದ. ನಮ್ಮ ಯಜಮಾನರೂ ಅದನ್ನೇ ನಂಬಿ, ಮೊನ್ನೆ ಕೀ ತೆಗೆದಿಟ್ಟು, "ಬಸ್ಸಿಗೆ ಹೋಗು" ಎಂದರು.

ಇಂದು ಹಟ ಹಿಡಿದು ಕೀ ಪಡೆದೆ, ಪಾಲಯ್ಯನನ್ನೇ ಓಡಿಸಲು ಕೂರಿಸಿ, ನಾನು ಪಕ್ಕದಲ್ಲಿ ಕೂತೆ. ಘಟ್ಟದ ಏರಿನಲ್ಲಿ ನಿಂತೇಬಿಟ್ಟಿತು. ಪೆಟ್ರೋಲ್ ನೋಡಲೆಂದು ನಾನು ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಗಾಳಿ ಬುಸ್ಸೆಂದು ಒಳಗೆ ನುಗ್ಗಿತು. ಮುಚ್ಚಳದ ಸಣ್ಣ ತೂತಿನಲ್ಲಿ ಅದಿರಿನ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ದೂರ ಓಡಿದಾಗ ಟ್ಯಾಂಕಿಗೆ ಗಾಳಿಯಾಡದೆ ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತಿರಲಿಲ್ಲ; ನಿಂತ ಮೇಲೆ ಗಾಳಿ ಮೆಲ್ಲಗೆ ಒಳಸೇರಿದರೆ ಮತ್ತೆ ಚಾಲೂ ಆಗುತ್ತಿತ್ತು. ಪಿನ್ನಿನಿಂದ ಧೂಳು ಕೆದಕಿ ತೆಗೆದ ಮೇಲೆ ಕಾರು ಸಂಡೂರು ಮುಟ್ಟಿತು.

"ತಪ್ಪು ತಿಳಕೋಬ್ಯಾಡ್ರಿ, ನಾನ ಮುಚ್ಚಳ ನೋಡಿದ್ದಿಲ್ಲ" ಎಂದ ಪಾಲಯ್ಯ. ಅವನು ಅಷ್ಟಾದರೂ ಅಂದ. ಯಜಮಾನರು ಮಾತ್ರ ಎಲ್ಲ ಕೇಳಿ, "ಹೌದೇನು?" ಎಂದು ಪೇಪರಿನ ಪುಟ ತಿರುವಿದರು. ಮೂರು ತಿಂಗಳು ನನ್ನ ಮೇಲೆ ನನಗೇ ಅನುಮಾನ ಹುಟ್ಟಿಸಿದವರು ಈಗ ಗೊರಕೆ ಹೊಡೆಯುತ್ತಿದ್ದಾರೆ. ಎಬ್ಬಿಸಿ, "ಈಗಲಾದರೂ ತಪ್ಪಾಯಿತು ಅನ್ನುತ್ತೀರಾ?" ಎಂದು ಕೇಳಿಯೇ ಬಿಡಲೇ ಅಂತ ಅನ್ನಿಸುತ್ತಿದೆ.